ಹೆಸರು ಹೇಳದೆ ಹೋದ ಟಂಟಂ ಚಾಲಕನ ಪರವಾಗಿ ಒಂದು ಪತ್ರ

ಮಾನ್ಯ ಧಾರವಾಡ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಾನು ಗದಗಿನ ಶಾಲಾ ಶಿಕ್ಷಕಿ, ನಲವತ್ತು ದಾಟಿದ ಮೇಲೆ ಕಾರು ಕಲಿತವಳು. ಹಿಂಗಾರಿ ಮಳೆ ಹಿಡಿದಿದ್ದ ಒಂದು ಮುಂಜಾನೆ ಅವ್ವನ ಕಣ್ಣು ತೋರಿಸಲು ಹುಬ್ಬಳ್ಳಿಗೆ ಹೊರಟಿದ್ದೆ. ಅಣ್ಣಿಗೇರಿ ದಾಟಿ ಭದ್ರಾಪುರದ ಕಡೆ ಬರುವಾಗ, ಹೊಲದಿಂದ ಹೆದ್ದಾರಿ ಹತ್ತಿದ ಟ್ರ್ಯಾಕ್ಟರಿನ ಗಾಲಿಗಳು ಡಾಂಬರಿನ ಮೇಲೆ ಎರಿಮಣ್ಣಿನ ಹೆಂಟೆ ಉದುರಿಸಿಕೊಂಡು ಹೋಗಿದ್ದವು. ಹಸಿ ಎರಿ ಸಾಬೂನಿದ್ದ ಹಾಗೆ ಎಂದು ಈ ಭಾಗದ ಮಕ್ಕಳಿಗೂ ಗೊತ್ತು. ನನಗೆ ಬ್ರೇಕ್ ಒತ್ತಿದ ಮೇಲೆ ನೆನಪಾಯಿತು. ಕಾರು ಗಿರಕಿ ಹೊಡೆದು, ಮಗುಚಿ, ಹೊಲಕ್ಕೆ ಬಿತ್ತು. ಆ ಗಳಿಗೆಗೆ ಎದುರಿನಿಂದ ಯಾವ ಲಾರಿಯೂ ಬರಲಿಲ್ಲ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಾನು ಬೆಲ್ಟ್ ಹಾಕಿದ್ದೆ. ಹಿಂದೆ ಕೂತ ಅವ್ವ ‘ನನಗ್ಯಾಕವಾ, ಉಸಿರು ಕಟ್ಟತೈತಿ’ ಅಂದಾಗ ಸುಮ್ಮನಾದೆ, ಹಿಂದಿನ ಸೀಟಿಗೂ ಅದು ಕಡ್ಡಾಯವೆಂದು ಗೊತ್ತಿದ್ದೂ. ನನ್ನ ಎದೆಯ ಮೇಲೆ ಜನಿವಾರದಂತೆ ಒಂದು ಕರಿ ಗೆರೆ ಮೂಡಿತು, ಅಷ್ಟೇ. ಅವ್ವನ ಹಣೆ ಒಡೆಯಿತು, ಹೆಗಲ ಎಲುಬು ಮುರಿಯಿತು.

ಮೊದಲು ಬಂದದ್ದು ಒಂದು ಟಂಟಂ, ಆಳು ಸಾಗಿಸುವ ಮೂರು ಗಾಲಿಯ ಗಾಡಿ. ಮೆಣಸಿನಕಾಯಿ ಹೊಲಕ್ಕೆ ಕಸ ತೆಗೆಯಲು ಹೊರಟಿದ್ದ ಎಂಟು-ಹತ್ತು ಹೆಣ್ಣುಮಕ್ಕಳು ಅದರಲ್ಲಿದ್ದರು. ಯಾರೂ ಹೇಳುವ ಮೊದಲೇ ಬುತ್ತಿಗಂಟು ಹಿಡಿದು ಇಳಿದರು, ಮಳೆಯಲ್ಲಿ ನಿಂತು ನಮಗೆ ಜಾಗ ಬಿಟ್ಟರು. ಅವರ ಅಂದಿನ ಕೂಲಿ ಏನಾಯಿತೋ, ಕೇಳುವಷ್ಟು ಎಚ್ಚರ ನನಗಿರಲಿಲ್ಲ. ಒಬ್ಬಾಕೆ 108ಕ್ಕೆ ಫೋನು ಹಚ್ಚಿದ್ದಳು. ಚಾಲಕ ರಕ್ತ ನೋಡಿ ಕಾಯಲಿಲ್ಲ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಅವ್ವನ ಹಣೆಗೆ ಕಟ್ಟಿದ. ‘ಅಂಜಬ್ಯಾಡಬೇ ಯವ್ವಾ, ಬಂದ್ವಿ, ಇಲ್ಲೇ ಐತಿ’ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದ. ಅವ್ವ ಅಂಜಿರಲಿಲ್ಲ. ಆ ಮಾತು ಬೇಕಾಗಿದ್ದದ್ದು ನನಗೆ.

ಆಸ್ಪತ್ರೆ ಯಾವುದೆಂದು ಬರೆಯುವುದಿಲ್ಲ, ಇದು ದೂರಿನ ಪತ್ರವಲ್ಲ. ಕೌಂಟರಿನಲ್ಲಿದ್ದವರು ಅವನನ್ನು ತಡೆದು, ‘ತಂದಾವ ನೀನ ಏನು? ಹೆಸರು, ನಂಬರು ಬರಸು, ಪೊಲೀಸರು ಬರೂತನಕ ನಿಂದ್ರು’ ಎಂದರು. ಅಲ್ಲಿಯವರೆಗೆ ಅಂಜದವನು ಆಗ ಅಂಜಿದ. ಗಾಡಿಯಲ್ಲಿ ಅಷ್ಟು ಆಳು ತುಂಬಿದ್ದರ ಅಂಜಿಕೆಯೂ ಇದ್ದೀತು. ‘ಅಕ್ಕಾರ, ಸ್ಟೇಷನ್ನು, ಕೋರ್ಟು ಅಂತ ಅಡ್ಡಾಡೂದು ನಮ್ಮಂಥಾರ ಕೈಲೆ ಆಗೂದಿಲ್ರಿ’ ಎಂದು ಮೆಲ್ಲಗೆ ಹೇಳಿದವನು, ನಾನು ತಲೆ ಎತ್ತುವಷ್ಟರಲ್ಲಿ ಇರಲಿಲ್ಲ. ನನ್ನ ಫೋನು, ಅವ್ವನ ಬಂಗಾರದ ಬಿಲವಾರ ಬೆಂಚಿನ ಮೇಲೆ ಚೀಲದಲ್ಲಿ ಹಾಗೇ ಇದ್ದವು.

ಅವ್ವನ ಕಾಟಿನ ಪಕ್ಕ ನಾಲ್ಕು ದಿನ ಕೂತು ಕಾನೂನು ಓದಿದೆ. ಅಪಘಾತದಲ್ಲಿ ನೆರವಾದವರನ್ನು ಕಾಪಾಡಲು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 134ಎ ಕಲಂ ಸೇರಿದೆ. ನೆರವಿಗೆ ಬಂದವರನ್ನು ಹೆಸರು ಹೇಳೆಂದು ಒತ್ತಾಯಿಸುವಂತಿಲ್ಲ, ಅವರ ಹಕ್ಕುಗಳ ಫಲಕ ಆಸ್ಪತ್ರೆ ಬಾಗಿಲಲ್ಲಿ ಸ್ಥಳೀಯ ಭಾಷೆಯಲ್ಲೂ ಇರಬೇಕು ಎಂದು 2020ರ ನಿಯಮಗಳಿವೆ. ಕರ್ನಾಟಕವಂತೂ 2019ಕ್ಕೂ ಮೊದಲೇ ಇದಕ್ಕೆ ತನ್ನದೇ ಕಾಯ್ದೆ ಮಾಡಿಕೊಂಡಿದೆ. ಹೀಗೆ ನೆರವಾದವರಿಗೆ ಕೇಂದ್ರ ಸರ್ಕಾರ 2021ರಲ್ಲಿ 5,000 ರೂಪಾಯಿ ಇಟ್ಟಿದ್ದ ಬಹುಮಾನ ಈಗ 25,000 ಆಗಿದೆ. ಆ ಬಹುಮಾನಕ್ಕೆ ಬರುವ ಹೆಸರುಗಳನ್ನು ಪರಿಶೀಲಿಸುವ ಜಿಲ್ಲಾ ಸಮಿತಿಗೆ ತಾವೇ ಅಧ್ಯಕ್ಷರು. ಇವನ ಹೆಸರು ಕಳಿಸೋಣವೆಂದರೆ ನನ್ನ ಹತ್ತಿರ ಹೆಸರೇ ಇಲ್ಲ.

ಆಸ್ಪತ್ರೆಗಳಲ್ಲಿ ಆ ಫಲಕ ಇದೆಯೋ ಇಲ್ಲವೋ ನೋಡಿಸಿ. ಆದರೆ ಫಲಕ ಓದಿ ಯಾರೂ ಟಂಟಂ ನಿಲ್ಲಿಸುವುದಿಲ್ಲ ಸಾಹೇಬರೇ. ಹೆದ್ದಾರಿ ಪಕ್ಕದ ಊರುಗಳಲ್ಲಿ ಡಂಗುರ ಹೊಡೆಸಿ. ಸಂತೆಯ ದಿನ, ಟಂಟಂಗಳು ನಿಲ್ಲುವ ಕಡೆ, ಪೊಲೀಸರ ಬಾಯಿಂದಲೇ ಹೇಳಿಸಿ: ‘ತಂದು ಬಿಡ್ರಿ, ಹೋಗ್ರಿ, ನಿಮ್ಮನ್ನ ಯಾರೂ ತಡೆಯೂದಿಲ್ಲ.’ ನಾನು ಹೇಳಿದರೆ ನಗುತ್ತಾರೆ, ಅವರು ಹೇಳಿದರೆ ನಂಬುತ್ತಾರೆ. ಕುತ್ತಿಗೆಗೆ ಪೆಟ್ಟಾಗಿದ್ದರೆ ಹೇಗೆಂದರೆ ಹಾಗೆ ಎತ್ತಬಾರದೆಂದು ಡಾಕ್ಟರು ಆಮೇಲೆ ಹೇಳಿದರು. ಆ ಚಾಲಕರಿಗೆ ಅರ್ಧ ದಿನ ಅದನ್ನೂ ಕಲಿಸಬಹುದು. ಹಾಗೆಯೇ ಹೊಲದ ದಾರಿ ಹೆದ್ದಾರಿಗೆ ಕೂಡುವಲ್ಲಿ ಒಂದಿಷ್ಟು ಗರಸು ಹಾಕಿಸಿದರೆ ಗಾಲಿಯ ಮಣ್ಣು ಅಲ್ಲೇ ಉದುರೀತು.

ಅವ್ವ ಮನೆಗೆ ಬಂದಿದ್ದಾಳೆ. ಟವೆಲ್ಲನ್ನು ಮೂರು ಸಲ ತೊಳೆಸಿದಳು, ಕಲೆ ಪೂರ್ತಿ ಹೋಗಿಲ್ಲ. ಹೊಸದು ಕೊಡೋಣ ಎಂದರೆ, ‘ಹೊಸಾದೂ ಕೊಡು, ಅವಂದೂ ಅವಗ ಕೊಡು’ ಅನ್ನುತ್ತಾಳೆ. ಎರಡನ್ನೂ ಮಡಿಚಿ ಕಪಾಟಿನಲ್ಲಿ ಇಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಗದಗಿನ ಒಬ್ಬ ಶಿಕ್ಷಕಿ