ಬಣ್ಣ ಒಣಗುವವರೆಗೆ ಕಾದವರಿಗೆ

ಚಿತ್ರಪ್ರದರ್ಶನ ಮುಗಿಯಿತು. ಗೋಡೆಯಿಂದ ಚಿತ್ರಗಳನ್ನು ಇಳಿಸಿ, ಒಂದೊಂದಕ್ಕೂ ಕಾಗದ ಸುತ್ತಿ ಮನೆಗೆ ತಂದಿದ್ದೇವೆ. ಋತುಗಳ ಮೇಲೆ ಜಲವರ್ಣದಲ್ಲಿ ಒಂದು ಸರಣಿ ಬರೆಯಬೇಕೆಂಬ ಆಸೆ ಬಹಳ ಹಳೆಯದು. ಅದು ಮುಗಿಯಿತು, ನಾಲ್ಕು ಜನ ನೋಡಿದರು ಎಂಬುದನ್ನು ನಂಬಲು ನನಗೇ ಇನ್ನೂ ಕಷ್ಟವಾಗುತ್ತಿದೆ. ಬಂದವರಿಗೆಲ್ಲ ಅಲ್ಲೇ ಥ್ಯಾಂಕ್ಸ್ ಹೇಳಿದೆ, ನಿಜ. ಆದರೆ ಆ ಗಡಿಬಿಡಿಯಲ್ಲಿ ಯಾರಿಗೆ ಯಾವುದಕ್ಕೆ ಹೇಳುತ್ತಿದ್ದೇನೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಅಲ್ಲಿ ಪದೇ ಪದೇ ಬಂದ ಪ್ರಶ್ನೆ ಒಂದೇ. "ಋತು ಮತ್ತು ಕುಟುಂಬ ಅಂತ ಹೆಸರು ಕೊಟ್ಟಿದ್ದೀರಿ. ಚಿತ್ರದಲ್ಲಿ ಒಬ್ಬರೂ ಇಲ್ವಲ್ಲ?" ಹೌದು, ಇಲ್ಲ. ಬೆಟ್ಟ, ರಸ್ತೆ, ಮರ, ಮೋಡ, ಅಷ್ಟೇ. ಸ್ವೀಡನ್ನಿನ ಕಾರ್ಲ್ ಲಾರ್ಸನ್ (1853–1919) ತಮ್ಮ ಮನೆ, ಹೆಂಡತಿ, ಮಕ್ಕಳನ್ನೇ ಜಲವರ್ಣದಲ್ಲಿ ಬರೆದು ಹೆಸರಾದರು. ಮಳೆ ಬಿಡದ ಒಂದು ಬೇಸಿಗೆಯಲ್ಲಿ, ಹೊರಗೆ ಹೋಗಲಾಗದಿದ್ದರೆ ಮನೆಯನ್ನೇ ಬರೆಯಿರಿ ಎಂದದ್ದು ಹೆಂಡತಿ ಕಾರಿನ್ ಅಂತೆ. ಕಾರಿನ್ ಕೂಡ ಕಲಾವಿದೆಯೇ. ಆ ಚಿತ್ರಗಳೆಂದರೆ ನನಗೆ ಪ್ರಾಣ. ಆದರೆ ನನ್ನ ಕೈಗೆ ಮುಖ ಒಗ್ಗುವುದಿಲ್ಲ, ಬಯಲು ಒಗ್ಗುತ್ತದೆ. ನನ್ನ ಮನೆಯವರು ಚಿತ್ರಗಳೊಳಗೆ ಬೇರೆ ರೀತಿ ಸೇರಿಕೊಂಡಿದ್ದಾರೆ. ಯಾರು ಎಲ್ಲಿದ್ದಾರೆ ಎಂದು ಹೇಳಿಬಿಡುತ್ತೇನೆ.

ಮೊದಲು ಮಗಳು. ಜಲವರ್ಣದಲ್ಲಿ ಬಣ್ಣ ಹಚ್ಚುವುದಕ್ಕಿಂತ ಕಾಯುವುದೇ ಜಾಸ್ತಿ. ಒಂದು ಪದರ ಪೂರ್ತಿ ಒಣಗದೆ ಇನ್ನೊಂದು ಹಾಕಿದರೆ ಕೆಳಗಿನದು ಎದ್ದು ಬಂದು ಕೆಸರಾಗುತ್ತದೆ. ಅರ್ಧ ಒಣಗಿದಾಗ ಒಂದು ಹನಿ ನೀರು ಬಿದ್ದರೂ ಸಾಕು. ಆ ನೀರು ಬಣ್ಣವನ್ನು ಸುತ್ತಲೂ ತಳ್ಳಿ, ಅಂಕುಡೊಂಕು ಅಂಚಿನ ಕಲೆ ಮಾಡುತ್ತದೆ. ಇದಕ್ಕೆ ಬ್ಲೂಮ್ ಅನ್ನುತ್ತಾರೆ. ಮೋಡದಲ್ಲಾದರೆ ಅದೃಷ್ಟ, ಗೋಡೆಯಲ್ಲಾದರೆ ಗ್ರಹಚಾರ. ಒಣಗಿದೆಯೋ ಇಲ್ಲವೋ ಕಣ್ಣಿಗೆ ಸರಿಯಾಗಿ ಗೊತ್ತಾಗುವುದಿಲ್ಲ, ಮೇಲಿನ ಹೊಳಪು ಹೋದ ಮೇಲೂ ಒಳಗೆ ತೇವ ಉಳಿದಿರುತ್ತದೆ. ಬೆರಳಿನ ಹಿಂಬದಿಯನ್ನು ಕಾಗದಕ್ಕೆ ಮೆಲ್ಲಗೆ ತಾಗಿಸಿ ನೋಡಬೇಕು. ತಣ್ಣಗಿದ್ದರೆ ನೀರು ಇನ್ನೂ ಆರುತ್ತಿದೆ ಎಂದು ಲೆಕ್ಕ. ಈ ಪರೀಕ್ಷೆಯ ಕೆಲಸವನ್ನು ಮಗಳು ತಾನಾಗಿಯೇ ವಹಿಸಿಕೊಂಡಳು. ಹೋಮ್‌ವರ್ಕ್ ತಪ್ಪಿಸಿಕೊಳ್ಳಲು ಇದಕ್ಕಿಂತ ಒಳ್ಳೆ ನೆಪ ಸಿಗಲ್ಲ, ಅಲ್ವಾ? "ಅಮ್ಮಾ, ಇನ್ನೂ ತಣ್ಣಗಿದೆ, ಮುಟ್ಟಬೇಡ" ಎಂದು ಅವಳು ಗದರಿದ್ದರಿಂದ ಉಳಿದ ಚಿತ್ರಗಳು ಎಷ್ಟೋ.

ಮನೆ, ಮಗು, ಕೆಲಸ ಎಲ್ಲ ಇಟ್ಟುಕೊಂಡು ಯಾವಾಗ ಬರೆದೆ ಎಂದು ಕೇಳಿದಿರಿ. ಉತ್ತರ ಇಲ್ಲೇ ಇದೆ. ಒಂದು ಪದರ ಹಾಕಿದ ಮೇಲೆ ಎದ್ದು ಹೋಗಲೇಬೇಕು. ಬಟ್ಟೆ ಮಡಚು, ಲೆಕ್ಕ ಹೇಳಿಕೊಡು, ಫೋನ್ ಎತ್ತು, ಮತ್ತೆ ಬಂದು ಕೂರು. ಹೇರ್ ಡ್ರೈಯರ್ ಇಟ್ಟುಕೋ ಎಂದು ಗೆಳತಿಯರು ಹೇಳುತ್ತಲೇ ಇರುತ್ತಾರೆ. ಅದು ಒದ್ದೆ ಬಣ್ಣವನ್ನು ಮೂಲೆಗೆ ಓಡಿಸಿಬಿಡುತ್ತದೆ. ಅಲ್ಲದೆ, ನನಗೆ ಸಿಗುತ್ತಿದ್ದ ಆ ಬಿಡುವನ್ನೂ ಕಸಿದುಕೊಳ್ಳುತ್ತದೆ. ನನಗಂತೂ ಬೇಡ.

ಬೇಸಿಗೆಯ ಚಿತ್ರಗಳಲ್ಲಿ ಅಂಚು ಚೂಪಾಗಿದೆ, ಮಳೆಗಾಲದವು ಒಂದರೊಳಗೊಂದು ಕರಗಿವೆ ಎಂದು ಒಬ್ಬರು ಗುರುತಿಸಿ ಹೇಳಿದರು. ಬಹಳ ಖುಷಿಯಾಯಿತು. ಆದರೆ ಅದರ ಅರ್ಧ ಶ್ರೇಯ ಹವಾಮಾನಕ್ಕೆ ಸೇರಬೇಕು. ಮಳೆಗಾಲದಲ್ಲಿ ಗಾಳಿಯಲ್ಲೇ ತೇವ ತುಂಬಿರುತ್ತದೆ. ಒದ್ದೆಯ ಮೇಲೆ ಒದ್ದೆ ಬಿಟ್ಟು ಮೋಡ ಮಾಡಲು ಅದೇ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಕುಂಚ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ ಹಿಂದಿನದು ಒಣಗಿ ಗೆರೆ ಕಟ್ಟಿರುತ್ತದೆ. ಕಾಗದದ ಹಿಂಬದಿಯನ್ನೂ ನೆನೆಸಬೇಕು, ನೀರಿಗೆ ಒಂದೆರಡು ಹನಿ ಗ್ಲಿಸರಿನ್ ಹಾಕಬೇಕು. ಆಗ ಸ್ವಲ್ಪ ಹೊತ್ತು ಒದ್ದೆ ನಿಲ್ಲುತ್ತದೆ.

ಅತ್ತೆ ಚಿತ್ರಕಲೆ ಕಲಿತವರಲ್ಲ. ಆದರೆ ಬಣ್ಣ ನೋಡುವ ಕಣ್ಣು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಅವರಿಗೇ ಚೆನ್ನಾಗಿದೆ. ಬೇಸಿಗೆಯ ಮೊದಲ ಕರಡು ನೋಡಿ, "ಈ ಬಿಸಿಲಲ್ಲಿ ಆಕಾಶ ಇಷ್ಟು ನೀಲಿ ಎಲ್ಲಿರುತ್ತಮ್ಮ? ಕೆಳಗೆ ಬರ್ತಾ ಬೆಳ್ಳಗಾಗುತ್ತೆ, ಹೋಗಿ ನೋಡು" ಎಂದರು. ಇಬ್ಬರೂ ಹೊರಗೆ ಬಂದು ನೋಡಿದೆವು. ನೆತ್ತಿಯ ಮೇಲೆ ನೀಲಿ, ದಿಗಂತದ ಹತ್ತಿರ ಬಿಳಿ. ಅಡ್ಡಡ್ಡ ನೋಡುವಾಗ ನಮಗೂ ಆಕಾಶಕ್ಕೂ ನಡುವೆ ಗಾಳಿ ಜಾಸ್ತಿ, ಧೂಳು ಜಾಸ್ತಿ. ಬೆಳಕು ಮತ್ತೆ ಮತ್ತೆ ಚದುರಿ, ಎಲ್ಲ ಬಣ್ಣವೂ ಬೆರೆತು ಬೆಳ್ಳಗೆ ಕಾಣುತ್ತದೆ. ದೂರದ ಬೆಟ್ಟ ನೀಲಿಯಾಗಿ ಕಾಣಲೂ ನಡುವಿನ ಗಾಳಿಯೇ ಕಾರಣ. ಇದು ಪುಸ್ತಕದ ಮಾತು. ಅತ್ತೆ ಇದನ್ನು ಓದಿ ತಿಳಿದವರಲ್ಲ.

ಚಿಗುರಿನ ಚಿತ್ರದಲ್ಲಿ ಮರದ ತುದಿ ಕೆಂಪಾಗಿರುವುದೂ ಅವರ ಮಾತಿನಿಂದಲೇ. ಎಷ್ಟೋ ಮರಗಳಲ್ಲಿ ಎಳೆ ಎಲೆ ಮೊದಲು ಕೆಂಪಗೆ, ತಾಮ್ರದ ಬಣ್ಣದಲ್ಲಿ ಬರುತ್ತದೆ. ಹಸಿರಾಗುವುದು ಆಮೇಲೆ. ಟ್ಯೂಬಿನಿಂದ ನೇರ ಬಂದ ಥಾಲೊ ಗ್ರೀನ್ ಅಂತೂ ಯಾವ ಮರದಲ್ಲೂ ಇಲ್ಲ. ಅದಕ್ಕೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ಮಾತ್ರ ಎಲೆಯ ಹತ್ತಿರ ಬರುತ್ತದೆ. ಎಷ್ಟು ಬೆರೆಸಬೇಕು ಎಂಬ ತೀರ್ಪು ಅತ್ತೆಯದು. "ಇನ್ನೊಂಚೂರು" ಎನ್ನುವವರೆಗೆ ಬೆರೆಸುತ್ತಾ ಹೋಗುತ್ತಿದ್ದೆ.

ಮಾವನ ಬಗ್ಗೆ ಬರೆಯಲಾ ಎಂದು ಅವರನ್ನೇ ಕೇಳಿದೆ. "ಬರಿಯಮ್ಮ, ಆದ್ರೆ ಅಳುವ ಹಾಗೆ ಬರೀಬೇಡ" ಎಂದರು. ಸರಣಿ ಅರ್ಧಕ್ಕೆ ಬಂದಾಗ ಅವರಿಗೆ ಪಾರ್ಶ್ವವಾಯು ಆಯಿತು. ಬಲಗೈ ಸ್ವಾಧೀನ ಕಳೆದುಕೊಂಡಿತು. ಆಸ್ಪತ್ರೆ, ಔಷಧಿ, ರಾತ್ರಿ ಎಚ್ಚರ. ದೊಡ್ಡ ಹಾಳೆ ಬಿಚ್ಚಲು ಜಾಗವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ಅಂಚೆ ಕಾರ್ಡಿನಷ್ಟು ಕಾಗದ, ಸಣ್ಣ ಡಬ್ಬಿಯಲ್ಲಿ ಬಿಲ್ಲೆ ಬಣ್ಣ, ಹಿಡಿಯೊಳಗೆ ನೀರು ತುಂಬುವ ಒಂದು ಕುಂಚ, ಇವಿಷ್ಟನ್ನೇ ಇಟ್ಟುಕೊಂಡು ಮಂಚದ ಪಕ್ಕ ಕೂರುತ್ತಿದ್ದೆ. ಅವರಿಗೂ ನನಗೂ ಕಾಣುತ್ತಿದ್ದದ್ದು ಕಿಟಕಿಯಾಚೆಯ ಒಂದೇ ಮರ. ಅದು ಎಲೆ ಉದುರಿಸಿತು, ಬೋಳಾಯಿತು, ಮತ್ತೆ ಚಿಗುರಿತು. ಪ್ರದರ್ಶನದಲ್ಲಿ ಸಾಲಾಗಿ ಇಟ್ಟಿದ್ದ ಸಣ್ಣ ಚಿತ್ರಗಳು ಅವೇ. ದೊಡ್ಡ ಚಿತ್ರಗಳಿಗಿಂತ ಅವು ಚೆನ್ನಾಗಿವೆ ಎಂದು ಹಲವರು ಹೇಳಿದರು. ನನಗೂ ಹಾಗೇ ಅನಿಸುತ್ತದೆ.

ಕೈಗೆ ಏನಾದರೂ ಕೆಲಸ ಕೊಡಿ ಎಂದು ಫಿಸಿಯೋಥೆರಪಿಸ್ಟ್ ಹೇಳಿದರು. ನಾನು ಅಗಲವಾದ ಕುಂಚ ಕೊಟ್ಟೆ. ಆಕಾಶಕ್ಕೆ ವಾಶ್, ಅಂದರೆ ಅಗಲಕ್ಕೆ ತೆಳು ಬಣ್ಣ, ಹಾಕಲು ಬೆರಳಿನ ನಾಜೂಕು ಬೇಡ, ತೋಳು ಆಡಿದರೆ ಸಾಕು. ಹಲಗೆಯನ್ನು ತುಸು ಓರೆ ಮಾಡಿ ಮೇಲಿನಿಂದ ಅಡ್ಡಕ್ಕೆ ಎಳೆದರೆ, ಬಣ್ಣ ಕೆಳ ಅಂಚಿನಲ್ಲಿ ದಪ್ಪ ಹನಿಯಾಗಿ ನಿಲ್ಲುತ್ತದೆ. ಮುಂದಿನ ಎಳೆತ ಆ ಹನಿಯನ್ನು ಹಿಡಿದು ಕೆಳಗೆ ತರುತ್ತದೆ. ಒದ್ದೆ ಇರುವವರೆಗೆ ಕೈ ಸ್ವಲ್ಪ ನಡುಗಿದರೂ ಬಣ್ಣ ಬೆರೆತು ಸಮ ಆಗುತ್ತದೆ. ಅಲ್ಟ್ರಾಮರೀನ್ ನೀಲಿಯಾದರೆ ಇನ್ನೂ ಚೆಂದ. ಅದರ ಕಣಗಳು ಒರಟು ಕಾಗದದ ಕುಳಿಗಳಲ್ಲಿ ಇಳಿದು ಕೂರುತ್ತವೆ, ಆಕಾಶ ಸಣ್ಣಗೆ ಹರಳುಗಟ್ಟಿದ ಹಾಗೆ ಕಾಣುತ್ತದೆ. ಚಳಿಗಾಲದ ಬೆಳಗಿನ ಆ ದೊಡ್ಡ ಚಿತ್ರ ನೆನಪಿದೆಯಾ? ಅದರ ಆಕಾಶ ಪೂರ್ತಿ ಮಾವನದು. ಬೆಟ್ಟ, ರಸ್ತೆ ಮಾತ್ರ ನನ್ನವು. ಹಿಂಬದಿಯಲ್ಲಿ ಇಬ್ಬರ ಸಹಿಯೂ ಇದೆ. ಅದನ್ನು ಕೊಳ್ಳಲು ಬಂದವರಿಗೆ ಕೊಡಲ್ಲ ಎಂದುಬಿಟ್ಟೆ, ಕಾರಣ ಇದು. ಆ ದಿನಗಳಲ್ಲಿ ಸರದಿ ಹಾಕಿಕೊಂಡು ಬಂದು ಕೂತ ನನ್ನ ತಮ್ಮನಿಗೆ, ಮಗಳನ್ನು ತಮ್ಮ ಮನೆಯವಳ ಹಾಗೆ ನೋಡಿಕೊಂಡ ಪಕ್ಕದ ಮನೆಯ ಅಕ್ಕನಿಗೆ, ಕೈಗೆ ಕೆಲಸ ಹೇಳಿದ ಆ ಫಿಸಿಯೋಥೆರಪಿಸ್ಟ್‌ಗೆ ಏನು ಹೇಳಲಿ? ಬರೆದು ತೀರಿಸುವಂಥದ್ದಲ್ಲ.

ನನ್ನ ಗಂಡನ ವಿಮರ್ಶೆಯಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಏನು ತೋರಿಸಿದರೂ "ಚೆನ್ನಾಗಿದೆ." ಆದರೆ ನೇರ ಬಿಸಿಲು ಬೀಳದ ಕಿಟಕಿ ನಮ್ಮ ಮನೆಯಲ್ಲಿ ಒಂದೇ. ಅಲ್ಲಿ ಅವರ ಕಂಪ್ಯೂಟರ್ ಇತ್ತು. ಒಂದು ದಿನ ನೋಡಿದರೆ ಕಂಪ್ಯೂಟರ್ ಮೂಲೆಗೆ ಹೋಗಿದೆ, ಕಿಟಕಿಯ ಬಳಿ ಮೇಜು ಖಾಲಿ ಇದೆ. ಬಿಸಿಲು ಸರಿದಂತೆ ಬಣ್ಣದ ಅಂದಾಜು ಬದಲಾಗುತ್ತದೆ ಎಂದು ನಾನು ಯಾವಾಗಲೋ ಸುಮ್ನೆ ಗೊಣಗಿದ್ದೆ. ಕೇಳಿಸಿಕೊಂಡಿದ್ದರು.

ಇನ್ನು ನನಗೆ ಚಿತ್ರಕಲೆ ಕಲಿಸಿದ ಮೇಷ್ಟ್ರು. ಅವರು ಕಲಿಸಿದ್ದರಲ್ಲಿ ಎರಡು ಮಾತು ಹೇಳುತ್ತೇನೆ. ಒಂದು, ಬಿಳಿ ಬಣ್ಣದ ಟ್ಯೂಬನ್ನು ಪೆಟ್ಟಿಗೆಯಿಂದ ತೆಗೆಸಿಬಿಟ್ಟದ್ದು. ಜಲವರ್ಣದಲ್ಲಿ ಬೆಳಕೆಂದರೆ ಕಾಗದವೇ. ಎಲ್ಲಿ ಬಿಸಿಲು ಬೇಕೋ ಅಲ್ಲಿ ಬಣ್ಣ ಹಚ್ಚದೆ ಬಿಡಬೇಕು, ಅದನ್ನು ಶುರುವಿಗೆ ಮೊದಲೇ ಯೋಚಿಸಬೇಕು. ಹಾಗಾಗಿ ಕಾಗದದಲ್ಲಿ ಜಿಪುಣತನ ಮಾಡಬೇಡ, ಪೂರ್ತಿ ಹತ್ತಿಯದ್ದು, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ದಪ್ಪದ್ದು ಇರಲಿ, ಬಣ್ಣ ನಾಲ್ಕೈದು ಇದ್ದರೂ ನಡೆಯುತ್ತೆ ಎನ್ನುತ್ತಿದ್ದರು. ಉಪ್ಪು ಉದುರಿಸಿ ಹಿಮ ಮಾಡುವಂಥ ಚಮತ್ಕಾರ ಅವರಿಗೆ ಆಗುತ್ತಿರಲಿಲ್ಲ. ಈಗ ನನಗೂ ಆಗಲ್ಲ.

ಎರಡನೆಯದು, ಬಣ್ಣ ಬಾಳಿಕೆ ಬರುತ್ತದೆಯೇ ಎಂದು ನೋಡುವುದು. ನನ್ನ ಮೆಚ್ಚಿನ ಸಂಜೆಗೆಂಪು ಅಲಿಜರಿನ್ ಕ್ರಿಮ್ಸನ್. 1868ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿಗಳಾದ ಗ್ರೇಬೆ ಮತ್ತು ಲೀಬರ್ಮನ್ ಪ್ರಯೋಗಾಲಯದಲ್ಲಿ ಮಾಡಿದ್ದ ಅಲಿಜರಿನ್‌ನಿಂದ ಬರುವ ಬಣ್ಣ ಅದು. ನೋಡಲು ಸೊಗಸು, ಆದರೆ ತೆಳುವಾಗಿ ಹಚ್ಚಿದರೆ ಬೆಳಕಿಗೆ ಮಾಸುತ್ತದೆ. ಜಲವರ್ಣ ಬೆಳಕಿಗೆ ಹೇಗೆ ಮಾಸುತ್ತದೆ ಎಂದು ರಸೆಲ್ ಮತ್ತು ಆಬ್ನಿ ಎಂಬ ಇಬ್ಬರು ಬ್ರಿಟನ್ನಿನಲ್ಲಿ ಪರೀಕ್ಷೆ ಮಾಡಿ 1888ರಲ್ಲೇ ವರದಿ ಕೊಟ್ಟಿದ್ದರು. ಮೇಷ್ಟ್ರು ವರದಿ ಓದು ಎನ್ನಲಿಲ್ಲ. ಪಟ್ಟಿ ಪಟ್ಟಿಯಾಗಿ ಬಣ್ಣ ಹಚ್ಚಿಸಿ, ಅರ್ಧಕ್ಕೆ ದಪ್ಪ ಕಾಗದ ಮುಚ್ಚಿ ಬಿಸಿಲಿನ ಕಿಟಕಿಗೆ ಅಂಟಿಸಿಸಿದರು. ಕೆಲವು ತಿಂಗಳ ನಂತರ ಮುಚ್ಚಿದ್ದನ್ನು ತೆಗೆದಾಗ ಎರಡೂ ಬದಿಯ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತಿತ್ತು. ಈಗ ಸಂಜೆಗಳಿಗೆ ಬಳಸುವುದು ಕ್ವಿನಾಕ್ರಿಡೋನ್ ಕೆಂಪು. ನಿಮ್ಮ ಮನೆಗೆ ಹೋದ ಸಂಜೆಗಳು ಬೇಗ ಮಾಸುವುದಿಲ್ಲ. ಅದಕ್ಕೆ ಮೇಷ್ಟ್ರಿಗೆ ಥ್ಯಾಂಕ್ಸ್ ಹೇಳಿ.

ಫ್ರೇಮ್ ಕಟ್ಟಿಕೊಟ್ಟವರನ್ನು ಯಾರೂ ಕೇಳಲಿಲ್ಲ, ಅದು ನನಗೆ ಸ್ವಲ್ಪ ಬೇಜಾರು. ಗಾಜು ಚಿತ್ರಕ್ಕೆ ತಾಗದ ಹಾಗೆ ನಡುವೆ ಆಮ್ಲವಿಲ್ಲದ ದಪ್ಪ ರಟ್ಟು (ಮೌಂಟ್ ಬೋರ್ಡ್) ಇಟ್ಟು ಕಟ್ಟಿದ್ದಾರೆ. ತಾಗಿದರೆ ತೇವ ಸಿಕ್ಕಿಕೊಂಡು ಬೂಷ್ಟು ಬರುತ್ತದೆ. ಕೊನೆಯ ಎರಡು ರಾತ್ರಿ ಅವರು ಮನೆಗೇ ಹೋಗಲಿಲ್ಲ.

ಕೊಂಡವರಿಗೆ, ಬರೀ ನೋಡಿ ಹೋದವರಿಗೆ, ಒಂದೇ ಚಿತ್ರದ ಮುಂದೆ ಬಹಳ ಹೊತ್ತು ನಿಂತು ಏನೂ ಹೇಳದೆ ಹೋದ ಆ ಹಿರಿಯರಿಗೆ, ಎಲ್ಲರಿಗೂ ವಂದನೆ. ಚಿತ್ರವನ್ನು ನೇರ ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ. ವಸ್ತುಸಂಗ್ರಹಾಲಯಗಳಲ್ಲಿ ಜಲವರ್ಣಕ್ಕೆ ಸಾಮಾನ್ಯವಾಗಿ 50 ಲಕ್ಸ್‌ನಷ್ಟು ಮಂದ ಬೆಳಕು ಮಾತ್ರ ಬಿಡುತ್ತಾರೆ, ಕೆಲವು ತಿಂಗಳು ತೋರಿಸಿ ಮತ್ತೆ ಕತ್ತಲಲ್ಲಿ ಇಡುತ್ತಾರೆ. ಮನೆಯಲ್ಲಿ ಅಷ್ಟೆಲ್ಲ ಆಗಲ್ಲ. ಎರಡು ಋತುವಿನ ಚಿತ್ರ ಕೊಂಡವರು ಆಯಾ ಕಾಲಕ್ಕೆ ಒಂದನ್ನು ಹಾಕಿ, ಇನ್ನೊಂದನ್ನು ಬೀರುವಿನಲ್ಲಿ ಇಡಬಹುದು.

ಇನ್ನೂ ಕೆಲವರು ತಮ್ಮ ಚಿತ್ರ ತೆಗೆದುಕೊಂಡು ಹೋಗಿಲ್ಲ. ಮನೆಯಲ್ಲೇ ಜೋಪಾನವಾಗಿ ಇಟ್ಟಿದ್ದೇವೆ. ಬರುವ ಮೊದಲು ಒಂದು ಮೆಸೇಜ್ ಹಾಕಿ, ಸ್ವಲ್ಪ ಹೊತ್ತು ಕೂರುವ ಹಾಗೆ ಬನ್ನಿ. ಆಕಾಶವನ್ನು ಮೆಚ್ಚಿದವರು ಯಾರು ಎಂದು ಮಾವ ದಿನಾ ಕೇಳುತ್ತಿದ್ದಾರೆ.