ಪೂರ್ತಿ ಉಂಡು ಹೊರಡು, ಪುಟ್ಟಿ

ಪುಟ್ಟಿ,

ಭಾನುವಾರ ಊಟಕ್ಕೆ ಕೂತಾಗ ನಾನು ಆಡಿದ ಮಾತು ತಪ್ಪು. "ಇಲಿಗಳಿಗೆ ಅಮಲು ಹತ್ತಿಸೋಕೆ ಅಮೆರಿಕಕ್ಕೆ ಹೋಗಬೇಕಾ" ಅಂದುಬಿಟ್ಟೆ. ನೀನು ಅರ್ಧ ಊಟಕ್ಕೇ ಎದ್ದೆ. ನಾಳೆ ರಾತ್ರಿ ನಿನ್ನ ವಿಮಾನ. ಎದುರಿಗೆ ಹೇಳಲು ಬಾಯಿ ಬರುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನೀನು ಮೇಜಿನ ಮೇಲೆ ಬಿಟ್ಟುಹೋದ ಹಾಳೆಗಳನ್ನು ಓದಿದೆ. 2021ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಇಲಿಗಳಿಗೆ ಒಂದೇ ಒಂದು ಸಲ ಸೈಲೋಸೈಬಿನ್ ಕೊಟ್ಟರಂತೆ, ಕೆಲವು ಅಣಬೆಗಳಲ್ಲಿರುವ, ಅಮಲು ಹತ್ತಿಸುವ ಆ ಮದ್ದು. ಮಿದುಳಿನ ಮುಂಭಾಗದಲ್ಲಿ ನರಕೋಶದ ಕೊಂಬೆಗಳ ಮೇಲಿನ ಚಿಗುರುಗಳು, ಅಂದರೆ ಒಂದು ಕೋಶ ಇನ್ನೊಂದಕ್ಕೆ ಬೆಸೆದುಕೊಳ್ಳುವ ಸಣ್ಣ ಮೊಳಕೆಗಳು, ಸುಮಾರು ಶೇ. 10ರಷ್ಟು ಹೆಚ್ಚಾದವು. ತಿಂಗಳಾದ ಮೇಲೂ ಕೆಲವು ಉಳಿದಿದ್ದವು. ಖಿನ್ನತೆಗೆ ಇದರಿಂದ ದಾರಿ ಸಿಗಬಹುದು ಅಂತ ನೀನು ಯಾಕೆ ಹಠ ಹಿಡಿದಿದ್ದೀಯ, ಯಾರನ್ನು ನೆನೆದು ಹಿಡಿದಿದ್ದೀಯ, ನನಗೆ ಗೊತ್ತು. ಅದನ್ನು ಬರೆಯುವುದಿಲ್ಲ.

ಆದರೆ ಆ ಹಾಳೆಗಳಲ್ಲೇ ಒಂದು ಆನೆಯ ಕಥೆಯಿತ್ತು. 1962ರ ಆಗಸ್ಟ್, ಒಕ್ಲಹೋಮ ಸಿಟಿಯ ಮೃಗಾಲಯ. ಟಸ್ಕೋ, 14 ವರ್ಷದ ಗಂಡಾನೆ. ಮದ ಬರಿಸಬಹುದಾ ಅಂತ ನೋಡಲು ಎಲ್‌ಎಸ್‌ಡಿ ಅನ್ನುವ, ಭ್ರಮೆ ಹುಟ್ಟಿಸುವ ಮದ್ದನ್ನು 297 ಮಿಲಿಗ್ರಾಂ ಚುಚ್ಚಿದರು. ಮನುಷ್ಯನಿಗೆ ಒಂದು ಮಿಲಿಗ್ರಾಂನ ಹತ್ತನೇ ಒಂದು ಭಾಗ ಸಾಕು! ಐದು ನಿಮಿಷಕ್ಕೆ ಘೀಳಿಟ್ಟು ಕುಸಿಯಿತು. 1 ಗಂಟೆ 40 ನಿಮಿಷಕ್ಕೆ ಸತ್ತಿತು. ಫಿಟ್ಸ್ ನಿಲ್ಲಿಸಲು ಆಮೇಲೆ ಕೊಟ್ಟ ಮದ್ದುಗಳೂ ಕಾರಣ ಇರಬಹುದು ಅಂತ ವಾದವಿದೆ.

ಅದು ತೂರಾಡುವಾಗ ಜೊತೆಗಿದ್ದ ಹೆಣ್ಣಾನೆ ಜೂಡಿ ಹತ್ತಿರ ಬಂದು ಆಸರೆ ಕೊಡಲು ನೋಡಿತಂತೆ. ನಾನು ಆ ಸಾಲಿನಲ್ಲೇ ನಿಂತುಬಿಟ್ಟೆ. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದಾಗ ಒಂದು ಕರುವಿಗೆ ತೂಕ ಅಳೆಯದೆ, ಕಣ್ಣಂದಾಜಿನಲ್ಲಿ ಜಂತಿನ ಮದ್ದು ಹಾಕಿದ್ದೆ. ಜಾಸ್ತಿಯಾಯಿತು. ಬಾಯಲ್ಲಿ ನೊರೆ, ಕಾಲು ನಡುಗಿ ಬಿತ್ತು. ತಾಯಿ ಹಸು ಸತ್ತ ಕರುವನ್ನು ಸಂಜೆಯವರೆಗೂ ನೆಕ್ಕುತ್ತಲೇ ಇತ್ತು. ಮೂತಿಯಿಂದ ತಳ್ಳಿ ಎಬ್ಬಿಸಲು ನೋಡುತ್ತಿತ್ತು. ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ. ಭಾನುವಾರ ನಾನು ರೇಗಿದ್ದು ನಿನ್ನ ಮೇಲಲ್ಲ ಕಣೇ.

ಅದಕ್ಕೇ ಹೇಳುತ್ತೇನೆ. ತೂಕ ಅಳೆ, ಎರಡು ಸಲ ಅಳೆ. ಸಣ್ಣ ಪ್ರಾಣಿಯ ಲೆಕ್ಕವನ್ನು ಹಾಗೇ ಗುಣಿಸಿ ದೊಡ್ಡದಕ್ಕೆ ಕೊಡಬೇಡ, ಮೈ ಮದ್ದನ್ನು ಅರಗಿಸುವ ವೇಗ ಬೇರೆ ಬೇರೆ. ಇಲಿ ತಲೆ ಒದರಿದರೆ ಮದ್ದು ಹತ್ತಿದೆ ಅಂತ ಎಣಿಸುತ್ತೀರಂತೆ. ಎಣಿಸು. ಎಣಿಸಿದ ಮೇಲೆ ಅದು ತಿಂತಾ, ನೀರು ಕುಡೀತಾ ಅಂತಲೂ ನೋಡು. ಸುಸ್ತಾಗಿದ್ದಾಗ ಸಿರಿಂಜ್ ಮುಟ್ಟಬೇಡ. ರಾತ್ರಿ ಒಬ್ಬಳೇ ಲ್ಯಾಬಿನಲ್ಲಿ ಕೂರಬೇಡ.

ಹಾಲಿನವನಿಗೂ ಹೇಳಿದ್ದೇನೆ, ನನ್ನ ಮಗಳು ಮಿದುಳಿನ ಮೇಲೆ ಕೆಲಸ ಮಾಡಲು ಹೋಗುತ್ತಿದ್ದಾಳೆ ಅಂತ.

ನಾಳೆ ಮಧ್ಯಾಹ್ನ ನಾನೇ ಬಡಿಸುತ್ತೇನೆ. ಪೂರ್ತಿ ಉಂಡು ಏಳು.

ಅಪ್ಪ