ಜಿಲ್ಲಾಧಿಕಾರಿಗಳೇ, ಮೆಡಿಕಲ್‌ನ ಎಚ್1 ರಿಜಿಸ್ಟರ್ ಒಮ್ಮೆ ತೆಗೆಸಿ ನೋಡಿ

ದಕ್ಷಿಣ ಕನ್ನಡದ ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಡ್ರಗ್ಸ್ ಅಂದ್ರೆ ನಮ್ಮ ಮಂಗಳೂರಲ್ಲಿ ಗಾಂಜಾ, ಎಂಡಿಎಂಎ, ಕಾಲೇಜು ಮಕ್ಕಳು, ಇಷ್ಟೇ ಮಾತು. ಅದರ ವಿರುದ್ಧ ಮಾಡುವ ಜಾಥಾ ಬೇಡ ಅಂತ ನಾನು ಹೇಳುವುದಿಲ್ಲ ಸಾರ್. ಆದ್ರೆ ದಿನಾ ಡ್ಯೂಟಿಗೆ ಹೋಗಿ ಬರುವವರ ಬ್ಯಾಗಲ್ಲಿರುವ ನಿದ್ದೆ ಮಾತ್ರೆ ಬಗ್ಗೆ ಯಾರು ಕೇಳ್ತಾರೆ? ಅಂಥ ಮಾತ್ರೆ ಯಾರಿಗೆ ಕೊಟ್ರು ಅಂತ ಮೆಡಿಕಲ್‌ನವರು ಬರೆದಿಡ್ಬೇಕಾದ ಪುಸ್ತಕವೇ ಈ ಎಚ್1 ರಿಜಿಸ್ಟರ್.

ನನ್ನ ಅಣ್ಣ ಬ್ಯಾಂಕ್ ಆಫೀಸರ್. ಕುಡಿತ ಇಲ್ಲ, ಸಿಗರೇಟ್ ಇಲ್ಲ. ಟಾರ್ಗೆಟ್, ರಿಕವರಿ, ಆಡಿಟ್ ಅಂತ ನಿದ್ದೆ ಹೋಯ್ತು, ಡಾಕ್ಟ್ರು ಆಲ್ಪ್ರಜೋಲಾಮ್ ಸಣ್ಣ ಡೋಸ್ ಎರಡು ವಾರಕ್ಕೆ ಬರೆದು ಮತ್ತೆ ಬಂದು ತೋರಿಸಿ ಅಂದ್ರು, ಅವನು ಹೋಗ್ಲೇ ಇಲ್ಲ, ಯಾಕಂದ್ರೆ ಅದೇ ಚೀಟಿಗೆ ವರ್ಷಗಟ್ಟಲೆ ಮಾತ್ರೆ ಸಿಕ್ತಾ ಇತ್ತು, ಆಮೇಲೆ ಚೀಟಿಯೂ ಬೇಕಾಗ್ಲಿಲ್ಲ. ದೇಹಕ್ಕೆ ಅಭ್ಯಾಸ ಆಗಿ ಒಂದು ಸಾಕಾಗದೆ ಎರಡಾಯ್ತು, ಮತ್ತೆ ದೊಡ್ಡ ಪವರ್‌ನದ್ದು. ಮನೆಯಲ್ಲಿ ನಮಗೆ ಯಾರಿಗೂ ಗೊತ್ತಿಲ್ಲ.

ಬಂಟ್ವಾಳದ ತರವಾಡು ಮನೆಯಲ್ಲಿ, ಅಂದ್ರೆ ನಮ್ಮ ಕುಟುಂಬದ ಮೂಲಮನೆಯಲ್ಲಿ, ದೈವದ ಕೋಲ ಇತ್ತು. ಮಾತ್ರೆ ಮಂಗಳೂರಲ್ಲೇ ಬಿಟ್ಟು ಬಂದಿದ್ದ, ಹೇಳ್ಲಿಕ್ಕೆ ನಾಚಿಕೆ. ಕೈ ನಡುಗ್ಲಿಕ್ಕೆ ಶುರುವಾಯ್ತು, ಮೈಯೆಲ್ಲ ಬೆವರು, ಅತ್ತಿಗೆ ಜ್ವರ ಅಂದುಕೊಂಡ್ರು. ಆಮೇಲೆ ಅಂಗಳದಲ್ಲಿ ಎಲ್ಲರೆದುರು ಫಿಟ್ಸ್ ಬಂದು ಬಿದ್ದ. ಅಮ್ಮ ದೈವಕ್ಕೆ ಎಂತ ತಪ್ಪಾಯ್ತೋ ಅಂತ ಕೈಮುಗಿದು ಅತ್ತದ್ದು ನನಗೆ ಈಗಲೂ ಮರೆಯುವುದಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟ್ರು ಹೇಳಿದ್ರು, ಈ ಮಾತ್ರೆ ದಿನಾ ತಕೊಂಡವರು ಒಮ್ಮೆಲೇ ನಿಲ್ಲಿಸಿದ್ರೆ ಹೀಗೆ ಫಿಟ್ಸ್ ಬರ್ಬಹುದು, ಸ್ವಲ್ಪ ಸ್ವಲ್ಪವೇ ಇಳಿಸ್ತಾ ಬರ್ಬೇಕು, ಅದಕ್ಕೆ ತಿಂಗಳುಗಟ್ಟಲೆ ಹಿಡೀಬಹುದು ಅಂತ.

ವಾಪಸ್ ಬಂದು ಅಣ್ಣ ಮಾತ್ರೆ ತಕೊಳ್ತಿದ್ದ ಮೆಡಿಕಲ್‌ಗೆ ನಾನೇ ಹೋದೆ. ಕೈಯಲ್ಲಿ ಚೀಟಿ ಇಲ್ಲ, ಮಾತ್ರೆ ಹೆಸರು ಮಾತ್ರ ಹೇಳಿದೆ. "ಎಷ್ಟು ಸ್ಟ್ರಿಪ್ ಅಕ್ಕ?" ಅಷ್ಟೇ ಕೇಳಿದ್ದು! ರಿಜಿಸ್ಟರಲ್ಲಿ ಬರೆಯುವುದಿಲ್ವಾ ಅಂದದ್ದಕ್ಕೆ "ಅದೆಲ್ಲ ಇನ್‌ಸ್ಪೆಕ್ಷನ್ ಬರುವಾಗ ಬರೀತೇವೆ" ಅಂದ. ಒಬ್ಬ ಮನುಷ್ಯ ಸಾಯುವ ಹಾಗಾಗಿದ್ದ ಮಾರಾಯ್ರೆ, ಇವರಿಗೆ ಅದು ಬರೀ ವ್ಯಾಪಾರ.

ನಿಯಮ ನಿಮಗೆ ಗೊತ್ತೇ ಉಂಟು. ಶೆಡ್ಯೂಲ್ ಎಚ್1, ಅಂದ್ರೆ ಚೀಟಿ ನೋಡಿ ಲೆಕ್ಕ ಬರೆದೇ ಕೊಡ್ಬೇಕಾದ ಮದ್ದುಗಳ ಪಟ್ಟಿ, ಜಾರಿಗೆ ಬಂದದ್ದು 2014ರ ಮಾರ್ಚ್ 1ಕ್ಕೆ. ಆಲ್ಪ್ರಜೋಲಾಮ್, ನಿದ್ದೆಯ ಜೋಲ್ಪಿಡೆಮ್, ನೋವಿನ ಟ್ರಮಡಾಲ್ ಎಲ್ಲ ಅದರಲ್ಲುಂಟು. ರೋಗಿಯ ಹೆಸರು, ಡಾಕ್ಟರ ಹೆಸರು ವಿಳಾಸ, ಮಾತ್ರೆ ಎಷ್ಟು ಅಂತ ಬೇರೆ ರಿಜಿಸ್ಟರಲ್ಲಿ ಬರೆದು 3 ವರ್ಷ ಇಡ್ಬೇಕು. ಡಾಕ್ಟ್ರು ಬರೆಯದೆ ಒಂದೇ ಚೀಟಿಗೆ ಎರಡನೇ ಸಲ ಕೊಡುವ ಹಾಗಿಲ್ಲ. ಹಾಗಿದ್ರೆ ಆ ರಿಜಿಸ್ಟರ್ ಯಾರು ನೋಡ್ತಾರೆ? ಮಾದಕ ವಸ್ತು ತಡೆಯುವ ಜಿಲ್ಲಾ ಸಮಿತಿಗೆ ಅಧ್ಯಕ್ಷರು ನೀವೇ ಅಲ್ವಾ ಸಾರ್? ಡ್ರಗ್ ಇನ್‌ಸ್ಪೆಕ್ಟರನ್ನು ಹೇಳದೆ ಕೇಳದೆ ಕಳಿಸಿ, ಎಚ್1 ರಿಜಿಸ್ಟರನ್ನು ಸ್ಟಾಕಿಗೆ ತಾಳೆ ಮಾಡಿಸಿ. ಎಷ್ಟು ಬಂತು, ಎಷ್ಟು ಹೋಯ್ತು, ಯಾರ ಹೆಸರಿಗೆ ಹೋಯ್ತು ಅಂತ ಕೇಳಿ.

ಇನ್ನೊಂದು ಮಾತು. ದಯವಿಟ್ಟು ನಾಳೆಯಿಂದ ಮಾತ್ರೆ ಬಂದ್ ಅಂತ ಮಾತ್ರ ಮಾಡ್ಬೇಡಿ. ಅಣ್ಣನ ಹಾಗೆ ಇನ್ನೆಷ್ಟು ಮಂದಿಗೆ ಫಿಟ್ಸ್ ಬರುವುದೋ. ಚೀಟಿ ಇಲ್ಲದೆ ಬಂದವರನ್ನು ವೆನ್‌ಲಾಕ್ ಸರ್ಕಾರಿ ಆಸ್ಪತ್ರೆಗೋ ಯಾವುದಾದ್ರೂ ಮನೋರೋಗ ಡಾಕ್ಟರ ಹತ್ರವೋ ಕಳಿಸಿ ಅಂತ ಅಂಗಡಿಯವರಿಗೆ ತಾಕೀತು ಮಾಡಿ. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಪ್ರತಿ ಮೆಡಿಕಲ್‌ನ ಕೌಂಟರಲ್ಲಿ ದೊಡ್ಡದಾಗಿ ಕನ್ನಡದಲ್ಲಿ, ತುಳುವಲ್ಲಿ ಹಾಕಿಸಿ. ಕೆಲಸ ಹೋದೀತು ಅಂತ ಹೆದರಿ ಯಾರಿಗೂ ಹೇಳದವರು ಅಲ್ಲಾದ್ರೂ ನೋಡ್ಲಿ.

ರಿಜಿಸ್ಟರ್ ತಪಾಸಣೆ ಯಾವತ್ತಿಂದ ಶುರು ಮಾಡ್ತೀರಿ ಅಂತ ಬಹಿರಂಗವಾಗಿಯೇ ಹೇಳಿ ಸಾರ್.

ಇಂತಿ,
ಕದ್ರಿಯಿಂದ ಒಬ್ಬ ತಂಗಿ